ನಲವತ್ತೇಳನೇ ನಂಬರಿನ ಕುಸ್ತಿ

೨೯ ಜೂನ್ ೧೯೫೯, ಸೋಮವಾರ

ಇವತ್ತು ಕಾಲೇಜಿನ ಮೊದಲ ದಿನ. ನಾನು ಹೋಗಿದ್ದೆ. ಇದನ್ನು ಬರೆದಿಡುವುದಕ್ಕೆ ಕಾರಣವಿದೆ: ಕಾಲೇಜಿನ ಪುಸ್ತಕದ ಪ್ರಕಾರ ನಾನು ಹೋಗಿಲ್ಲ.

ಮೊದಲ ತಾಸು ಇಂಗ್ಲಿಷ್. ದಿನದ ಹಾಜರಿಯೆಲ್ಲ ಆ ತಾಸಿನಲ್ಲೇ ಮುಗಿಯುತ್ತದೆ. ನಾಗಯ್ಯ ಮೇಷ್ಟ್ರು ತಲೆ ಎತ್ತದೆ ಒಂದೊಂದೇ ನಂಬರ್ ಕರೆದರು. ನನ್ನದು ನಲವತ್ತೇಳು. "ಫಾರ್ಟಿ ಸೆವೆನ್" ಎಂದರು. "ಎಸ್ ಸರ್" ಎಂದೆ. ನನ್ನ ಕಿವಿಗೇ ಕೇಳಲಿಲ್ಲ. ಇನ್ನೊಮ್ಮೆ ಕರೆದು, ಗೈರುಹಾಜರಿಯ ಗೀಟು ಎಳೆದು, ನಲವತ್ತೆಂಟಕ್ಕೆ ಹೋದರು. ಎದ್ದು ನಿಂತು ಇದ್ದೇನೆ ಎನ್ನಬಹುದಿತ್ತು. ಆದರೆ ಎಂಬತ್ತು ಜನ ತಿರುಗಿ ನೋಡುತ್ತಾರಲ್ಲ! ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಕಂಬದ ಮರೆಯಲ್ಲಿ ಸುಮ್ಮನೆ ಕೂತೆ.

ಭದ್ರಾವತಿ ಬಿಡುವಾಗ ಅಪ್ಪ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಓದ್ತೀನಿ ಅಂತೀಯ, ಓದು. ಆದ್ರೆ ಕಾಲೇಜಿಂದ ನಿನ್ ಮೇಲೆ ಒಂದೇ ಒಂದು ಕಾಗದ ಬರ್ಲಿ, ಮಾರನೇ ದಿನ ಇಲ್ಲಿ ಚೊಂಬು ಒರೆಸ್ತಾ ಇರ್ತೀಯ."

ಚೊಂಬು ಒರೆಸಲು ನನಗೆ ಇಷ್ಟವಿಲ್ಲ. ಓದಲು ಇಷ್ಟ. ನಾಳೆ ಖಂಡಿತ ಜೋರಾಗಿ ಹೇಳುತ್ತೇನೆ.

೫ ಜುಲೈ, ಭಾನುವಾರ

ಹೇಳಲಿಲ್ಲ. ಆ ವಿಷಯ ಬಿಡೋಣ.

ಶಿವಮೊಗ್ಗದಲ್ಲಿ ಓದಬೇಕೆಂದು ನಾನು ಹಟ ಹಿಡಿದದ್ದಕ್ಕೆ ಇನ್ನೊಂದು ಕಾರಣವಿದೆ. ಅದು ಅಪ್ಪನಿಗೂ ಗೊತ್ತು. ಹೊಳಲೂರಿನ ಪೈಲ್ವಾನ್ ಕೆಂಚಪ್ಪನವರು ಇರುವುದು ಇದೇ ಊರಿನ ಕೋಟೆ ಹತ್ತಿರದ ಗರಡಿಯಲ್ಲಿ! ಎರಡು ವರ್ಷದ ಹಿಂದೆ ಭದ್ರಾವತಿಗೆ ಬಂದು ಒಬ್ಬ ಭಾರೀ ಆಳನ್ನು ಭತ್ತದ ಮೂಟೆಯ ಹಾಗೆ ಎತ್ತಿ ಹಾಕಿದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ಅವರೇ ನನ್ನ ದೇವರು. ಪೇಪರಿನಲ್ಲಿ ಬಂದ ಅವರ ಪಟ ಟ್ರಂಕಿನ ಮುಚ್ಚಳದ ಒಳಗಿದೆ. ಇಲ್ಲಿಯವರೆಗೆ ಗೆದ್ದದ್ದು ನಲವತ್ತಮೂರು, ಸೋತದ್ದು ಎರಡು. ಆ ಎರಡೂ ಮೋಸ.

ಇವತ್ತು ಗರಡಿಯ ಮುಂದೆ ಹೋಗಿ ಒಂದು ಗಂಟೆ ನಿಂತಿದ್ದೆ. ಒಳಗಿಂದ ತೊಡೆ ತಟ್ಟುವ ಸದ್ದು ಬರುತ್ತಿತ್ತು. ಹೊಸಿಲು ದಾಟಲು ಧೈರ್ಯ ಸಾಲಲಿಲ್ಲ.

ದುರ್ಗಿಗುಡಿಯಲ್ಲಿ ನಾನಿರುವುದು ಶಂಕರಮ್ಮತ್ತೆಯ ಮನೆ. ಅತ್ತೆ ಅಪ್ಪನ ತಂಗಿ. ಮಾವ ರೈಲ್ವೆಯಲ್ಲಿರುವುದರಿಂದ ತಿಂಗಳಲ್ಲಿ ಇಪ್ಪತ್ತು ದಿನ ಬೀರೂರಿನಲ್ಲೇ ಇರುತ್ತಾರೆ. ಮನೆಯಲ್ಲಿ ಮಾತೆಲ್ಲ ಅತ್ತೆಯದು, ಹೂಂಗುಟ್ಟುವುದು ನನ್ನದು. ಇಬ್ಬರಿಗೂ ಹೊಂದಿಕೆಯಾಗಿದೆ.

೨೧ ಜುಲೈ, ಮಂಗಳವಾರ

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕಾಫಿ ಹೇಳಿ ಕೂತಿದ್ದೆ. ಎದುರಿಗೆ ಬಂದು ಕೂತವರು ಕೆಂಚಪ್ಪನವರು! ಹದಿನಾಲ್ಕು ಇಡ್ಲಿ ತಿಂದರು. ನಾನು ಎಣಿಸಿದೆ. ಆಮೇಲೆ ನನ್ನನ್ನು ನೋಡಿ, "ತಮ್ಮಾ, ಆ ನೀರು ಈ ಕಡೆ ಕೊಡು" ಎಂದರು. ನನಗೆ ತಲೆ ಓಡದೆ ನನ್ನ ಎಂಜಲು ಕಾಫಿಯನ್ನೇ ಮುಂದೆ ತಳ್ಳಿದೆ. ಅವರು ಒಂದು ಸಲ ಲೋಟ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಕುಡಿದೇಬಿಟ್ಟರು. ಎಂಥ ದೊಡ್ಡ ಮನಸ್ಸು!

೪ ಆಗಸ್ಟ್, ಮಂಗಳವಾರ

ನನ್ನ ಪಕ್ಕದ ಬೆಂಚಿನ ಮೂರ್ತಪ್ಪ ವಾರದಲ್ಲಿ ಒಂದು ದಿನ ಕ್ಲಾಸಿಗೆ ಬರುತ್ತಾನೆ. ಉಳಿದ ದಿನ ಮನೆಯಲ್ಲಿ ಹೊದ್ದು ಮಲಗಿರುತ್ತಾನೆ. ಅವನ ನಂಬರ್ ಕರೆದಾಗ ಯಾರೋ ಒಬ್ಬ ದನಿ ಬದಲಿಸಿ "ಎಸ್ ಸರ್" ಎನ್ನುತ್ತಾನೆ. ಅವನಿಗೆ ನೂರಕ್ಕೆ ನೂರು ಹಾಜರಿ. ನಾನು ಮಳೆಯಲ್ಲಿ ನೆನೆದು ದಿನಾ ಬಂದು ಕೂತರೂ ಸೊನ್ನೆ. ಇದ್ಯಾವ ಸೀಮೆ ನ್ಯಾಯ!

ತಾಸು ಮುಗಿದ ಮೇಲೆ ಮೇಷ್ಟ್ರ ಹಿಂದೆ ಹೋಗಿ ಹೇಳಿಬಿಡೋಣ ಎಂದು ದಿನಾ ಹೊರಡುತ್ತೇನೆ. ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗುತ್ತೇನೆ. ಅಲ್ಲಿಂದ ನಲ್ಲಿಗೆ ಹೋಗಿ ನೀರು ಕುಡಿದು ಬರುತ್ತೇನೆ.

೧೬ ಆಗಸ್ಟ್, ಭಾನುವಾರ

ಅಯ್ಯೋ ಶಿವನೇ, ಏನು ಮಾಡಿಕೊಂಡುಬಿಟ್ಟೆ!

ಮಧ್ಯಾಹ್ನ ಕುಸ್ತಿ ಇತ್ತು. ಕೆಂಚಪ್ಪನವರು ದಾವಣಗೆರೆಯ ಪೈಲ್ವಾನನನ್ನು ಆರೇ ನಿಮಿಷದಲ್ಲಿ ಚಿತ್ ಮಾಡಿದರು. ನಲವತ್ತನಾಲ್ಕು! ಇವತ್ತು ಹಾರ ಹಾಕಿಯೇ ಬರುತ್ತೇನೆಂದು ಸೇವಂತಿಗೆ ಮಾಲೆ ಒಯ್ದಿದ್ದೆ. ಕೊನೆಯ ಜೋಡಿ ಮುಗಿಯಿತು. ಅವರು ಅಖಾಡದ ನಡುವೆ ಗರಡಿಯ ಉಸ್ತಾದರ ಪಕ್ಕ ನಿಂತಿದ್ದರು. ಇದೇ ಸಮಯ ಎಂದು ಚಪ್ಪಲಿ ಬಿಟ್ಟು ಹಗ್ಗ ದಾಟಿದೆ. ಅವರು ಕಾಲಿಟ್ಟ ಮಣ್ಣಲ್ಲವೇ! ಬಗ್ಗಿ ಒಂದು ಚಿಟಿಕೆ ತೆಗೆದು ಭಕ್ತಿಯಿಂದ ಹಣೆಗೆ ಹಚ್ಚಿಕೊಂಡೆ.

ಅಷ್ಟೇ. ಹಲಗೆಯವರು ವಾದ್ಯ ಬಡಿಯತೊಡಗಿದರು. ಜನ ಹೋ ಎಂದು ಕೂಗಿದರು.

ಉಸ್ತಾದರು ಆಗ ಮುಂದಿನ ಕುಸ್ತಿಗೆ ಜೋಡಿ ಹುಡುಕುತ್ತಿದ್ದರಂತೆ. ಗಾಜನೂರಿನ ಜಂಬಣ್ಣ ಎಂಬ ಸಣಕಲ ಹುಡುಗ ಸರಿಜೋಡಿ ಸಿಗದೆ ಅವರ ಪಕ್ಕ ನಿಂತಿದ್ದನಂತೆ. ಅಂಥ ಹೊತ್ತಿನಲ್ಲಿ ಬರಿಗಾಲಲ್ಲಿ ಒಳಗೆ ಬಂದು ಹಣೆಗೆ ಮಣ್ಣು ಹಚ್ಚಿದರೆ 'ನಾನು ಸಿದ್ಧ' ಎಂದೇ ಅರ್ಥ. ಉಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭೇಷ್, ಸರಿಯಾದ ಜೋಡಿ" ಎಂದು ನನ್ನ ಕೈ ಹಿಡಿದು ಜಂಬಣ್ಣನ ಕೈಯಲ್ಲಿಟ್ಟರು. "ಹೆಸರೇನಪ್ಪ?"

ತುಟಿ ಅಲ್ಲಾಡಿಸಿದೆ. ಕೆಂಚಪ್ಪನವರು ಬಗ್ಗಿ ನನ್ನ ಬಾಯಿಗೆ ಕಿವಿ ಇಟ್ಟರು. ಹೇಳಿದೆ. ಅವರು ನೆಟ್ಟಗೆ ನಿಂತು ನಾಲ್ಕು ದಿಕ್ಕಿಗೂ ಕೇಳುವ ಹಾಗೆ, "ಭದ್ರಾವತಿ ಉಜ್ಜನಪ್ಪ! ಸೆಪ್ಟೆಂಬರ್ ಹದಿಮೂರು, ಭಾನುವಾರ!" ಎಂದು ಕೂಗಿದರು.

ಅವರ ಬಾಯಲ್ಲಿ ನನ್ನ ಹೆಸರು! ಆ ಖುಷಿಯಲ್ಲಿ ಆಗುವುದಿಲ್ಲ ಎನ್ನುವುದನ್ನೇ ಮರೆತೆ. ಮನೆಗೆ ಬಂದ ಮೇಲೆ ನೆನಪಾಯಿತು. ಹಾರ ಇನ್ನೂ ನನ್ನ ಕೈಯಲ್ಲೇ ಇತ್ತು.

೧೭ ಆಗಸ್ಟ್, ಸೋಮವಾರ

ಬೆಳಿಗ್ಗೆ ಗರಡಿಗೆ ಹೋಗಿ ಕೆಂಚಪ್ಪನವರ ಮುಂದೆ ಕೈ ಮುಗಿದು ನಿಂತೆ. ನಡೆದದ್ದನ್ನು ಗೊಣಗಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೈ ಕೂಡಿಸಿದ್ಮೇಲೆ ಮುಗೀತು ಮಾರಾಯ. ಈಗ ಹಿಂದೆ ಸರಿದ್ರೆ ಗಾಜನೂರಿನೋರು ನಮ್ ಗರಡಿ ಮಾನ ಹರಾಜು ಹಾಕ್ತಾರೆ. ನಾಲ್ಕು ವಾರ ಐತಲ್ಲ, ನಾನು ಕಲಿಸ್ತೀನಿ."

ಮೊದಲ ಪಾಠ ಪಟ್ಟು ಅಲ್ಲ. ಹೊಸಿಲಲ್ಲಿ ನಿಂತು ತೊಡೆ ತಟ್ಟಿ, ನನ್ನ ಹೆಸರು ನನ್ನ ಊರು ಕೂಗಿ, ಆಮೇಲೆ ಒಳಗೆ ಬರಬೇಕು. ಕೂಗಿದೆ. "ಕೇಳ್ಲಿಲ್ಲ" ಎಂದರು. ಮತ್ತೆ ಕೂಗಿದೆ. "ಕೇಳ್ಲಿಲ್ಲ." ಇಪ್ಪತ್ತಮೂರು ಸಲ ಕೂಗಿದ ಮೇಲೆ ಒಳಗೆ ಬಿಟ್ಟರು.

೧೮ ಆಗಸ್ಟ್

ಬಸ್ಕಿ ಐವತ್ತು. ಅತ್ತೆಯ ಮನೆಯ ಮೆಟ್ಟಿಲು ಹತ್ತಲಾರೆ.

೧೯ ಆಗಸ್ಟ್

ಪೆನ್ನು ಹಿಡಿಯಲಾರೆ.

೨೭ ಆಗಸ್ಟ್, ಗುರುವಾರ

ಇವತ್ತಿನ ಕಥೆ ಕೇಳಿದರೆ ಯಾರೂ ನಂಬುವುದಿಲ್ಲ. ಬೆಳಿಗ್ಗೆ ಗರಡಿಯಿಂದ ನೇರ ಕಾಲೇಜಿಗೆ ಓಡಿದೆ. ಕೂತು ಉಸಿರು ಬಿಡುವಷ್ಟರಲ್ಲಿ "ಫಾರ್ಟಿ ಸೆವೆನ್" ಎಂದರು. ಗರಡಿಯ ಅಭ್ಯಾಸಬಲ, ಎದ್ದು ನಿಂತು "ಎಸ್ ಸರ್!" ಎಂದು ಗರ್ಜಿಸಿದೆ. ತೊಡೆಯನ್ನೂ ತಟ್ಟಿದೆ ಎಂದು ಮೂರ್ತಪ್ಪ ಹೇಳುತ್ತಾನೆ. ಇವತ್ತು ಅವನು ಬಂದಿದ್ದ.

ನಾಗಯ್ಯ ಮೇಷ್ಟ್ರ ಪೆನ್ನು ಕೆಳಗೆ ಬಿತ್ತು. ಅವರು ನನ್ನನ್ನು ದಿಟ್ಟಿಸಿ ನೋಡಿ, "ನಲವತ್ತೇಳನೇ ನಂಬರ್ ಈ ವರ್ಷ ಒಂದು ದಿನವೂ ಕಾಲೇಜಿಗೆ ಬಂದಿಲ್ಲ. ಯಾರಪ್ಪಾ ನೀನು? ಯಾರ ಪರವಾಗಿ ಕೂಗ್ತಿದ್ದೀಯ?" ಎಂದರು.

"ನನ್ನ ಪರವಾಗಿ ಸರ್."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೂರ್ತಪ್ಪನ ಹೆಸರಲ್ಲಿ ದಿನಾ ಕೂಗುವವನಂತೂ ಎಲ್ಲರಿಗಿಂತ ಜೋರಾಗಿ ನಕ್ಕ. ಮೇಷ್ಟ್ರಿಗೆ ಸಿಟ್ಟು ಬಂದು ಗೀಟು ಎಳೆದೇ ಎಳೆದರು. ತಂದೆಗೆ ಕಾಗದ ಬರೆಯುವಂತೆ ಆಫೀಸಿಗೆ ಹೇಳುತ್ತಾರಂತೆ.

ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಾಗ ಬಾರದ ಕಾಗದ, ಬಾಯಿ ಬಿಟ್ಟ ದಿನವೇ ಹೊರಟಿತು.

೫ ಸೆಪ್ಟೆಂಬರ್, ಶನಿವಾರ

ಕಾಗದ ಇನ್ನೂ ಬಂದಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತೇನೆ. ಅತ್ತೆಗೆ ಎಲ್ಲ ಹೇಳಿಬಿಟ್ಟೆ. "ಬಾಯಿ ಸತ್ತೋನೇ, ಮೊದ್ಲೇ ಹೇಳ್ಬಾರ್ದಿತ್ತೇನೋ?" ಎಂದು ಬೈದರು. ಬೈಯುತ್ತಲೇ ರಾತ್ರಿ ಬಾದಾಮಿ ನೆನೆಹಾಕಿದರು.

ಕೆಂಚಪ್ಪನವರು ಈಗ ನನಗೆ ಕೆಂಚಪ್ಪಣ್ಣ. ಅವನ ಬಗ್ಗೆ ಒಂದು ವಿಷಯ ಗೊತ್ತಾಯಿತು. ಅಷ್ಟು ದೊಡ್ಡ ಆಳು, ಯಾರಿಗೂ ಆಗುವುದಿಲ್ಲ ಎನ್ನಲಾರ. ಹಾಲಿನವನು ಎಮ್ಮೆ ಹಿಡಿದುಕೊಡಿ ಎಂದರೆ ಹೋಗುತ್ತಾನೆ. ಅವನ ಎಡ ಮೊಣಕಾಲು ಊದಿಕೊಂಡಿದೆ. ಆದರೂ ದಸರೆಗೆ ಕೊಲ್ಹಾಪುರದ ಆಳಿನ ಜೊತೆ ಉಸ್ತಾದರು ಜೋಡಿ ಗೊತ್ತುಮಾಡಿದಾಗ ಹೂಂ ಎಂದಿದ್ದಾನೆ.

"ಕಾಲು ನೋವು ಅಂತ ಹೇಳಣ್ಣ" ಎಂದೆ.

"ಹೆಂಗ್ ಹೇಳೋದು ಮಾರಾಯ, ಬೇಜಾರ್ ಮಾಡ್ಕೊಂತಾರೆ" ಎಂದ. ಹೇಳುವಾಗ ಅವನ ಮುಖ ನೋಡಬೇಕಿತ್ತು. ಹಾಜರಿ ಕರೆಯುವಾಗ ನನ್ನ ಮುಖವೂ ಹೀಗೇ ಇರುತ್ತಿತ್ತೇನೋ. ಪಾಪ ಅನ್ನಿಸಿತು.

೧೦ ಸೆಪ್ಟೆಂಬರ್, ಗುರುವಾರ

ಅಪ್ಪನ ಕಾರ್ಡು ಬಂತು. ಎರಡೇ ಸಾಲು. "ಕಾಲೇಜಿನ ಕಾಗದ ತಲುಪಿತು. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ, ಟ್ರಂಕು ಕಟ್ಟಿಡು."

೧೩ ಸೆಪ್ಟೆಂಬರ್, ಭಾನುವಾರ

ಇವತ್ತು ಉದ್ದಕ್ಕೆ ಬರೆಯಬೇಕು.

ಅಪ್ಪ ಬಂದವರು ಕೈಕಾಲು ಸಹ ತೊಳೆಯದೆ ಜಗಲಿಯಲ್ಲಿ ಕೂತರು. ಕಾಗದ ತೆಗೆದು ಓದಿದರು. ಎರಡು ತಿಂಗಳಲ್ಲಿ ಒಂದು ದಿನವೂ ಹಾಜರಿಲ್ಲ. "ಕಾಲೇಜು ಬಿಟ್ಟು ಕುಸ್ತಿ ಹಿಂದೆ ಅಲೀತಿದ್ದೀಯ. ಹೌದೋ ಅಲ್ವೋ?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಒಳಗಿಂದ ಕೆಂಚಪ್ಪಣ್ಣನನ್ನು ಕರೆದುಕೊಂಡು ಬಂದರು. ಬೆಳಿಗ್ಗೆಯೇ ಕರೆಸಿ, ಹೀಗೆ ಹೀಗೆ ಹೇಳಬೇಕೆಂದು ಪಾಠ ಮಾಡಿ ಇಟ್ಟಿದ್ದರು. ಅವನಾದರೂ ಅತ್ತೆಗೆ ಆಗಲ್ಲ ಎಂದಾನೆಯೇ? ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಬಂದು ಕೈ ಮುಗಿದ.

"ಸಾವ್ಕಾರ್ರೇ, ದೇವ್ರಾಣೆ, ಈ ಹುಡುಗನ್ನ ನಾನು ಯಾವತ್ತೂ ನೋಡೇ ಇಲ್ಲ. ನಮ್ ಗರಡಿ ಕಡೆ ತಲೆನೂ ಹಾಕಿಲ್ಲ."

ಅಪ್ಪನ ಸಿಟ್ಟು ಅರ್ಧ ಇಳಿಯಿತು. ಅವನು ಬಿಟ್ಟ ಜಾಗದಿಂದ ಅತ್ತೆ ಹಿಡಿದರು. "ಜ್ವರ ಕಣಣ್ಣ, ಎರಡು ತಿಂಗಳು ಬಿಟ್ಟು ಬಿಟ್ಟು ಬಂತು. ನೀನು ಗಾಬರಿ ಆಗ್ತೀಯ ಅಂತ ನಾನೇ ತಿಳಿಸ್ಲಿಲ್ಲ. ಗೊತ್ತಿರೋ ಡಾಕ್ಟ್ರಿದ್ದಾರೆ, ಒಂದು ಸರ್ಟಿಫಿಕೇಟ್ ಕೊಡ್ತಾರೆ. ಕಾಲೇಜಿನೋರು ಅದಕ್ಕೆ ಹೂಂ ಅಂತಾರೆ."

ಅಪ್ಪ ತಲೆ ಆಡಿಸಿದರು. ಎಲ್ಲ ಸರಿಹೋಯಿತು. ನಾನು ಮಾಡಬೇಕಾದದ್ದು ಸುಮ್ಮನಿರುವುದು ಒಂದೇ. ಅದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲೇ ಇಲ್ಲ.

ಆದರೆ ನನಗೆ ಸಿಟ್ಟು ಬಂತು. ನಾಲ್ಕು ವಾರ ನನ್ನ ಕತ್ತು ಹಿಡಿದು ಮಣ್ಣಲ್ಲಿ ಹೊರಳಿಸಿದವನು, ನೋಡೇ ಇಲ್ಲ ಅಂದನಲ್ಲ! ಒಂದು ದಿನ ತಪ್ಪದೆ ಕ್ಲಾಸಲ್ಲಿ ಕೂತವನಿಗೆ ಜ್ವರವಂತೆ! ಇವರೆಲ್ಲ ಸೇರಿ ನನ್ನ ಮೇಲಿನ ಪ್ರೀತಿಗೇ ನನ್ನನ್ನು ಅಳಿಸಿಹಾಕುತ್ತಿದ್ದರು.

"ಸುಳ್ಳು" ಎಂದೆ. ಜೋರಾಗಿಯೇ ಬಂತು. "ಕೆಂಚಪ್ಪಣ್ಣ, ನೀನು ಹೇಳಿದ್ದು ಸುಳ್ಳು. ಅಪ್ಪ, ನಂಗೆ ಜ್ವರ ಬಂದಿಲ್ಲ. ದಿನಾ ಕಾಲೇಜಿಗೆ ಹೋಗಿದ್ದೀನಿ. ಹಾಜರಿ ಕರೆದಾಗ ಬಾಯಿ ಬರ್ಲಿಲ್ಲ, ಅಷ್ಟೇ. ಗರಡಿಗೂ ಹೋಗಿದ್ದೀನಿ. ಇವತ್ತು ನಾಲ್ಕು ಗಂಟೆಗೆ ನಂದು ಕುಸ್ತಿ ಇದೆ. ಅಂಗಡಿಗೆ ನಾನು ಬರಲ್ಲ."

ಅತ್ತೆ ಹಣೆ ಚಚ್ಚಿಕೊಂಡರು. ಕೆಂಚಪ್ಪಣ್ಣ ನೆಲ ನೋಡಿದ. ಅಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟರು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಎರಡು ತಿಂಗಳು ಬಂಗಾರ ಗುಡ್ಡೆ ಹಾಕಿ ಕಾಲೇಜೇ ಕಳ್ಕೊಂಡ್ಯಲ್ಲೋ! ಸರಿ. ನಾಳೆ ಸಂಜೆ ರೈಲಿಗೆ ನಾನು ಹೊರಡ್ತೀನಿ. ನೀನು ಕ್ಲಾಸಲ್ಲಿದ್ದೆ ಅಂತ ಪ್ರಿನ್ಸಿಪಾಲ್ರ ಹತ್ರ ಬರೆಸ್ಕೊಂಡು ಬಾ. ನಾನು ಜೊತೆಗೆ ಬರಲ್ಲ, ಶಂಕ್ರಿನೂ ಬರಲ್ಲ, ಈ ಪೈಲ್ವಾನ್ರೂ ಬರೋದು ಬೇಡ. ಬರೆಸ್ಕೊಂಡು ಬರ್ಲಿಲ್ಲ ಅಂದ್ರೆ ಟ್ರಂಕು ಸಮೇತ ಸ್ಟೇಷನ್‌ಗೆ ಬಾ."

ಕುಸ್ತಿಯ ವಿಷಯ: ನಾಲ್ಕೂವರೆ ನಿಮಿಷದಲ್ಲಿ ಸೋತೆ. ಜಂಬಣ್ಣ ಒಳ್ಳೆಯ ಹುಡುಗ. ನನ್ನನ್ನು ಚಿತ್ ಮಾಡಿ, ತಾನೇ ಎಬ್ಬಿಸಿ, ಬೆನ್ನಿನ ಮಣ್ಣು ಕೊಡವಿದ.

ಊಟಕ್ಕೆ ಕೂತಾಗ ಅಪ್ಪ, "ಅವ್ನು ಕಾಲಿಗೆ ಕೈ ಹಾಕಿದಾಗ ನೀನು ಬಗ್ಗಬಾರ್ದಿತ್ತು" ಎಂದರು.

"ನೀವು ಬಂದಿದ್ರಾ?"

"ಯಾರು ಹೇಳಿದ್ದು? ಸುಮ್ನೆ ಊಟ ಮಾಡು."

೧೪ ಸೆಪ್ಟೆಂಬರ್, ಸೋಮವಾರ

ಪ್ರಿನ್ಸಿಪಾಲರು ನನ್ನ ಕಥೆ ಕೇಳಿ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ಜ್ವರ ಬಂದಿದ್ರೆ ಐದು ನಿಮಿಷದ ಕೆಲಸ ಕಣಯ್ಯ. ಕ್ಲಾಸಲ್ಲಿ ಕೂತುಕೊಂಡೇ ಗೈರುಹಾಜರಾದವನಿಗೆ ನಮ್ಮಲ್ಲಿ ಅರ್ಜಿ ಫಾರಮ್ಮೇ ಇಲ್ಲ. ನೀನು ಇದ್ದೆ ಅನ್ನೋದಕ್ಕೆ ಸಾಕ್ಷಿ ಯಾರು?"

ನಾನು ಗರ್ಜಿಸುವ ಮೊದಲೇ ನನ್ನ ಮುಖಪರಿಚಯ ಇದ್ದವನು ಇಡೀ ಕ್ಲಾಸಿನಲ್ಲಿ ಮೂರ್ತಪ್ಪ ಒಬ್ಬನೇ. ಅವನು ಸಾಕ್ಷಿ ಹೇಳಬೇಕಾದರೆ ಅವನೂ ಕ್ಲಾಸಲ್ಲಿ ಇದ್ದಿರಬೇಕಲ್ಲ!

ನಾಗಯ್ಯ ಮೇಷ್ಟ್ರನ್ನು ಕರೆಸಿದರು. ಅವರು, "ಇವನನ್ನ ನಾನು ಮೊದಲು ನೋಡಿದ್ದೇ ಆಗಸ್ಟ್ ಕೊನೇಲಿ ಸರ್" ಎಂದರು.

"ಯಾವ ದಿನದ ಪಾಠ ಬೇಕಾದ್ರೂ ಕೇಳಿ ಸರ್" ಎಂದೆ. ಮೂರು ದಿನದ್ದು ಕೇಳಿದರು. ಮೂರೂ ಹೇಳಿದೆ. ಮಾತಾಡದ ಮನುಷ್ಯನಿಗೆ ಕೇಳಿಸಿಕೊಳ್ಳುವುದಲ್ಲದೆ ಬೇರೇನು ಕೆಲಸ? ಆದರೆ ಮೇಷ್ಟ್ರು ತಲೆ ಅಲ್ಲಾಡಿಸಿದರು. "ಇದೆಲ್ಲ ಯಾರದೋ ನೋಟ್ಸ್ ಓದಿದ್ರೂ ಹೇಳಬಹುದು."

"ನೋಟ್ಸಲ್ಲಿ ಇಲ್ಲದ್ದೂ ಒಂದಿದೆ ಸರ್. ಜುಲೈ ಇಪ್ಪತ್ಮೂರು, ಗುರುವಾರ. ಜೋರು ಮಳೆ, ಅರ್ಧ ಬೆಂಚು ಖಾಲಿ ಇತ್ತು. ನೀವು ಪುಸ್ತಕ ಮುಚ್ಚಿಟ್ಟು ನಿಮ್ಮ ಸ್ವಂತ ವಿಷಯ ಒಂದು ಹೇಳಿದ್ರಿ. ಇಲ್ಲೇ ಬಿಟ್ಟುಬಿಡಿ, ಹೊರಗೆ ಯಾರಿಗೂ ಹೇಳ್ಬೇಡಿ ಅಂದ್ರಿ."

ಮೇಷ್ಟ್ರು ತಟ್ಟನೆ ತಲೆ ಎತ್ತಿದರು.

"ಏನದು?" ಎಂದರು ಪ್ರಿನ್ಸಿಪಾಲರು.

"ಅದನ್ನ ಹೇಳಲ್ಲ ಸರ್."

"ಹೇಳದೆ ನಾನು ಹೇಗಪ್ಪಾ ನಂಬಲಿ?"

"ಹೇಳ್ಬೇಡಿ ಅಂದಿದ್ದಾರೆ. ನೀವು ನಂಬದಿದ್ರೆ ಊರಿಗೆ ಹೋಗ್ತೀನಿ." ಸಂಜೆಯ ರೈಲು, ಟ್ರಂಕು, ಚೊಂಬು ಎಲ್ಲ ಕಣ್ಣ ಮುಂದೆ ಬಂದವು. ಆದರೂ ಹೇಳಲಿಲ್ಲ.

ನಾಗಯ್ಯ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಇವನು ಇದ್ದ ಸರ್" ಎಂದರು. ದನಿ ಸಣ್ಣಗಿತ್ತು. ಹಾಜರಿ ಪುಸ್ತಕ ತರಿಸಿ, ನಲವತ್ತೇಳನೇ ಸಾಲಿನ ಒಂದೊಂದು ಗೀಟನ್ನೂ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು. ಕೈ ನೋಯುವಷ್ಟು ಸಹಿಗಳು. ಮುಗಿಸಿ ನನ್ನ ಭುಜದ ಮೇಲೆ ಕೈಯಿಟ್ಟು, "ಕಂಬದ ಮರೆ ಬಿಟ್ಟು ಮುಂದೆ ಕೂತ್ಕೊಳ್ಳಯ್ಯಾ" ಎಂದರು.

ಮೇಷ್ಟ್ರು ಆ ಮಳೆಯ ದಿನ ಹೇಳಿದ್ದನ್ನು ಅಂದು ಈ ಪುಸ್ತಕದಲ್ಲೂ ಬರೆದಿರಲಿಲ್ಲ. ಈಗಲೂ ಬರೆಯುವುದಿಲ್ಲ.

ಸ್ಟೇಷನ್ನಿನಲ್ಲಿ ಅಪ್ಪ ಪ್ರಿನ್ಸಿಪಾಲರ ಚೀಟಿಯನ್ನು ಮೂರು ಸಲ ಓದಿ ಜೇಬಿಗೆ ಹಾಕಿಕೊಂಡರು. "ದೀಪಾವಳಿಗೆ ಬಾ. ನಿಮ್ಮಮ್ಮ ಕಾಯ್ತಿರ್ತಾಳೆ" ಎಂದರು. ರೈಲು ಹೋದ ಮೇಲೆ ನನಗೆ ಅಳು ಬಂತು. ಖುಷಿಗೇ ಇರಬೇಕು.

೨೦ ಸೆಪ್ಟೆಂಬರ್, ಭಾನುವಾರ

ಒಂದು ವಾರ ಮುಖ ತೋರಿಸದ ಕೆಂಚಪ್ಪಣ್ಣ ಇವತ್ತು ಬಂದ. "ನೋಡೇ ಇಲ್ಲ ಅಂದಿದ್ದು ತಪ್ಪಾಯ್ತು ಮಾರಾಯ" ಎಂದ. ಸಿಟ್ಟೆಲ್ಲ ಇಳಿದುಹೋಯಿತು. ಅತ್ತೆ ಹಾಲು ಕೊಟ್ಟರು. ಕುಡಿದು ಮೀಸೆ ಒರೆಸಿಕೊಂಡು, "ದಸರೆಗೆ ನಿಂಗೂ ಒಂದು ಜೋಡಿ ನೋಡಿದ್ದಾರೆ ಉಸ್ತಾದರು" ಎಂದ.

"ಆಗಲ್ಲ ಅಣ್ಣ. ದಸರಾ ಆದ್ಮೇಲೆ ಪರೀಕ್ಷೆ ಇದೆ. ಓದ್ಬೇಕು."

ಅವನು ನನ್ನನ್ನೇ ನೋಡುತ್ತಾ ಕೂತ. ಬೇಜಾರಾಯಿತೇ ಎಂದು ಕೇಳಿದೆ.

"ಇಲ್ಲಪ್ಪ. ಎಷ್ಟು ಸಲೀಸಾಗಿ ಅಂದ್ಬಿಟ್ಟೆ! ಹಂಗಂದ್ಮೇಲೆ ಎದೆ ಬಡ್ಕೊಳ್ಳಲ್ವಾ?"

"ಬಡ್ಕೊಳ್ಳುತ್ತೆ. ಎರಡು ನಿಮಿಷ. ಆಮೇಲೆ ಸರಿಹೋಗುತ್ತೆ."

"ಕೊಲ್ಹಾಪುರದ ಕುಸ್ತಿ ಆಗಲ್ಲ ಅಂತ ಉಸ್ತಾದರಿಗೆ ಹೇಳ್ಬೇಕು. ಈ ಕಾಲಲ್ಲಿ ಇಳಿದ್ರೆ ಮುರ್ಕೊಂಡೇ ಬರ್ತೀನಿ. ನೀನೂ ಬಾ, ಪಕ್ಕದಲ್ಲಿ ನಿಂತ್ಕೋ ಸಾಕು."

"ಅದಕ್ಕೂ ಬರಲ್ಲ. ನೀನೇ ಹೇಳು."

ಅಷ್ಟರಲ್ಲಿ ಅತ್ತೆ ಎರಡನೇ ಲೋಟ ಹಾಲು ತಂದು ಮುಂದೆ ಹಿಡಿದರು. ಕೆಂಚಪ್ಪಣ್ಣ ಕೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿದ. ಕತ್ತಿನ ನರ ಉಬ್ಬಿತು. ಕುಸ್ತಿಯಲ್ಲೂ ಅವನು ಅಷ್ಟು ಬೆವೆತದ್ದನ್ನು ನಾನು ನೋಡಿಲ್ಲ.

"ಬೇಡ ತಾಯಿ" ಎಂದ.

ಅತ್ತೆ, "ಹೌದಾ? ಸರಿ ಬಿಡು" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಕೆಂಚಪ್ಪಣ್ಣ ಬಲಗೈಯನ್ನು ಎದೆ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದ. "ಎರಡೇ ನಿಮಿಷ ಅಂದ್ಯಲ್ಲ?" ಎಂದು ಪಿಸುಗುಟ್ಟಿ, ಗೋಡೆಯ ಗಡಿಯಾರ ನೋಡುತ್ತಾ ಕೂತ. ನಾನೂ ಅವನ ಪಕ್ಕ ಕೂತೆ.